ಬೀಗದಯ್ಯನ ನಡಿಗೆ

ಮಾರ್ಚ್ 3

ಚಿಕ್ಕಿ,

ಇದು ಫೋನಿನಲ್ಲಿ ಐದು ನಿಮಿಷದಲ್ಲಿ ಮುಗಿಯುವ ಮಾತು. ಆದರೆ ನಾವಿಬ್ಬರೂ ಆರನೇ ನಿಮಿಷಕ್ಕೆ ಜಗಳಕ್ಕೆ ಬೀಳುವವರು. ಅದಕ್ಕೇ ಎಂದಿನಂತೆ ಕಾಗದ.

ಬೀಗದಯ್ಯನ ಕಾಮಿಕ್ಸ್ ಶುರುವಾಗಿ ಈ ವರ್ಷಕ್ಕೆ ಐವತ್ತು ತುಂಬಿತಂತೆ. ಸ್ಟುಡಿಯೋದವರು ಹಳೇ ಗೋದಾಮಿಗೆ ಬಣ್ಣ ಬಳಿದು, ಅವನ ಪಾತ್ರ ಮಾಡಿದ ಮೂವರು ನಟರನ್ನೂ ಪಕ್ಕಪಕ್ಕದಲ್ಲಿಟ್ಟು ಒಂದು ಪ್ರದರ್ಶನ ಮಾಡುತ್ತಿದ್ದಾರೆ. ಅದಕ್ಕೆಂದೇ ಒಬ್ಬ ಮೇಡಂ ಬಂದಿದ್ದಾಳೆ, ಕನ್ನಡಕ ಹಾಕಿಕೊಂಡ ಚುರುಕು ಹುಡುಗಿ. ಮೊದಲ ದಿನವೇ ನನ್ನ ಹೊಲಿಗೆ ಕೋಣೆಗೆ ಬಂದು, "ಟೈಲರಮ್ಮ, ಇವನು ಕದಿಯಲ್ಲ, ಕೊಲ್ಲಲ್ಲ, ಒಳಗಡೆ ಜನ ಇರೋವಾಗ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾನೆ ಅಷ್ಟೇ. ಇಷ್ಟಕ್ಕೇ ಜನ ಹೆದರ್ತಿದ್ರಾ?" ಎಂದು ಕೇಳಿದಳು. "ಒಂದಿನ ನಿಮ್ಮನೆಗೆ ಹಾಕಿ ನೋಡ್ತೀನಿ, ಆಮೇಲೆ ಹೇಳಿ" ಅಂದೆ. ಅವತ್ತಿನಿಂದ ನನ್ನ ಮೇಲೆ ಅವಳಿಗೆ ಎಲ್ಲಿಲ್ಲದ ವಿಶ್ವಾಸ.

ಮೂವರ ಕೋಟೂ ನಾನೇ ಹೊಲಿದದ್ದು. ಎರಡು ನನ್ನ ಬೀರುವಿನಲ್ಲಿವೆ. ಮೊದಲನೆಯದು, ಟಿ.ವಿ. ಧಾರಾವಾಹಿಯದು, ನಿನ್ನ ಮನೆಯಲ್ಲಿದೆ. ನಿನ್ನ ಯಜಮಾನರು ನಟನೆಗೆ ಕೈಮುಗಿದು ನೀರಿನ ಆಫೀಸು ಸೇರಿದಾಗ ನಿರ್ದೇಶಕರು ನೆನಪಿಗೆಂದು ಕೊಟ್ಟಿದ್ದರಲ್ಲ, ಅದು. ಈ ವರ್ಷದ ಮಟ್ಟಿಗೆ ಕಳಿಸಿಕೊಡು. ಅವರು ಹೋಗಿ ಎರಡು ವರ್ಷವಾಯಿತು, ಕೋಟು ಕಣ್ಣೆದುರಿನಿಂದ ಹೋಗುವುದು ನಿನಗೆ ಸುಲಭವಲ್ಲ ಎಂದು ಗೊತ್ತು. ಆದರೆ ಅವರ ಹೆಸರು ದೊಡ್ಡ ಅಕ್ಷರದಲ್ಲಿ ಬರುತ್ತದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಅಕ್ಕ


ಮಾರ್ಚ್ 12

ಅಕ್ಕ,

ಕೋಟು ಇವತ್ತು ಪಾರ್ಸೆಲ್ ಮಾಡಿದೆ. ಮಡಿಸುವಾಗ ಒಂದು ಗಳಿಗೆ ಕಷ್ಟವಾಯಿತು, ಆಮೇಲೆ ಸರಿಹೋಯಿತು. ಒಳಜೇಬಿನಲ್ಲಿ ಇನ್ನೂ ನಾಲ್ಕೈದು ಬೀಗದಕೈ ಇದ್ದವು, ಹಾಗೇ ಬಿಟ್ಟಿದ್ದೇನೆ.

ನಮ್ಮ ಕಣ್ಣಾಸ್ಪತ್ರೆಯಲ್ಲಿ ಎಲ್ಲ ಮಾಮೂಲು. ಕೌಂಟರಿನಲ್ಲಿ ಕೂತು ದಿನವಿಡೀ ಹೆಸರು ಕೂಗುತ್ತೇನೆ, ಕಣ್ಣಿಗೆ ಔಷಧಿ ಬಿಟ್ಟುಕೊಂಡವರು ಬೇರೆಯವರ ಚೀಟಿ ಹಿಡಿದು ಎದ್ದು ಬರುತ್ತಾರೆ. ನನ್ನ ಮಗಳು ನಿನ್ನ ಊರಿನ ಹಾಸ್ಟೆಲ್ಲಿನಲ್ಲಿ ಊಟ ಸರಿಯಾಗಿ ಮಾಡುತ್ತಾಳೋ ಇಲ್ಲವೋ, ಆಗಾಗ ಕರೆದು ಬಡಿಸು. ಪ್ರದರ್ಶನದ ಸುದ್ದಿ ಕೇಳಿ ಕುಣಿದಾಡುತ್ತಿದ್ದಾಳೆ. ಕಾಲೇಜಿನ ಸ್ಟೇಜಿನ ಮೇಲೆ ಅಪ್ಪನ ನಡಿಗೆ ನಡೆದು ತೋರಿಸಿದಳಂತೆ.

ಒಂದು ಕೇಳಿಕೆ. ಹತ್ತನೇ ಕಂತಿನಲ್ಲಿ ಅಜ್ಜಿಯ ಮನೆ ಬಾಗಿಲಿನ ದೃಶ್ಯ ಇದೆ, ನಿನಗೆ ನೆನಪಿದೆಯೋ ಇಲ್ಲವೋ. ನಮ್ಮವರದು ಏನಾದರೂ ತೋರಿಸುವುದಾದರೆ ಅದನ್ನು ತೋರಿಸಲಿ.

ನಿನ್ನ ಚಿಕ್ಕಿ


ಮಾರ್ಚ್ 20

ಚಿಕ್ಕಿ,

ಕೋಟು ಬಂತು. ನುಸಿ ತಿಂದಿಲ್ಲ, ನೀನು ಚೆನ್ನಾಗಿ ಇಟ್ಟಿದ್ದೀಯ. ಎಡಗಡೆ ಕಂಕುಳ ಹತ್ತಿರ ನನ್ನ ಅವಸರದ ಹೊಲಿಗೆ ಹಾಗೇ ಇದೆ, ನೋಡಿ ನಾಚಿಕೆಯಾಯಿತು. ಬಿಚ್ಚಿ ಹೊಲಿಯೋಣವೆಂದರೆ ಮೇಡಂ ಕೈ ಹಿಡಿದುಕೊಂಡಳು. "ಒಂದು ದಾರನೂ ಮುಟ್ಟಬೇಡಿ, ಇದು ಇತಿಹಾಸ" ಅಂದಳು. ನನ್ನ ಕೆಟ್ಟ ಹೊಲಿಗೆಯೂ ಇತಿಹಾಸವಾಗುವ ಕಾಲ ಬಂತು.

ಮೂರೂ ಕೋಟು ಸಾಲಾಗಿ ತೂಗುಹಾಕಿ ನೋಡಿದರೆ ಮೂರು ಬೇರೆ ಬೇರೆ ಮನುಷ್ಯರು ನಿಂತಂತೆಯೇ ಇದೆ. ಎರಡನೆಯವರು, ಮೊದಲ ಸಿನಿಮಾ ಮಾಡಿದ ದೊಡ್ಡ ನಟ, ಭುಜಕ್ಕೆ ಪ್ಯಾಡು ಬೇಕು, ಇನ್ನೂ ಬೇಕು ಎಂದು ಹಾಕಿಸಿಕೊಂಡರು. ಅವರ ಬೀಗದಯ್ಯನಿಗೆ ತಾನು ಕೆಟ್ಟವನು ಎಂಬುದೇ ದೊಡ್ಡ ಖುಷಿ. ಬೀಗ ಹಾಕಿ ಎಂಥ ನಗೆ ನಗುತ್ತಿದ್ದರೆಂದರೆ ಬೆನ್ನಿನ ಹೊಲಿಗೆ ಬಿಡುತ್ತಿತ್ತು, ನಾನು ಪ್ರತಿ ಶಾಟಿಗೂ ಸೂಜಿ ಹಿಡಿದು ಓಡಬೇಕಿತ್ತು. ಜನಕ್ಕೆ ಹುಚ್ಚು ಹಿಡಿಸಿದರು, ಸುಳ್ಳು ಹೇಳಬಾರದು. ಮೂರನೆಯವನು ಈಗಿನ ಹುಡುಗ, ನಾಟಕದಿಂದ ಬಂದವನು. ಅವನು ಲೈನಿಂಗನ್ನೇ ತೆಗೆಸಿದ. ಬಟ್ಟೆ ಮೈಗೆ ಚುಚ್ಚಬೇಕಂತೆ. ತಿಂಗಳುಗಟ್ಟಲೆ ಮನೆಯಲ್ಲೂ ಅದನ್ನೇ ಹಾಕಿಕೊಂಡು ಕೂತಿದ್ದನೆಂದು ಅವರಮ್ಮ ನನಗೆ ಫೋನು ಮಾಡಿ ಬೈದರು, ನಾನೇ ಹಾಕಿಸಿದವಳ ಹಾಗೆ. ಅವನ ಬೀಗದಯ್ಯ ಪುಕ್ಕಲ. ತೆರೆದ ಬಾಗಿಲು ಕಂಡರೆ ಅವನಿಗೇ ಭಯ, ಅದಕ್ಕೆ ಹಾಕುತ್ತಾ ಹೋಗುತ್ತಾನೆ.

ನಿನ್ನ ಯಜಮಾನರದು ಮರ್ಯಾದಸ್ಥ ಬೀಗದಯ್ಯ. ಬೀಗ ಹಾಕುವ ಮೊದಲು ಆ ಮನೆಯ ಕಾಲೊರಸಿನ ಮೇಲೆ ಕಾಲು ಒರೆಸಿಕೊಳ್ಳುತ್ತಾನೆ. ಎಲ್ಲ ಸರಿ. ಆದರೆ ಜನರ ಮನಸ್ಸಿನಲ್ಲಿ ಉಳಿದಿರುವುದು ಆ ಕೊನೆಯ ನಡಿಗೆ. ಬೀದಿಯ ಎರಡೂ ಕಡೆ ಬೀಗ ಬಿದ್ದ ಮನೆಗಳು, ನಮಗೆ ಬೆನ್ನು ಹಾಕಿ ಅವನು ಹೋಗುತ್ತಿದ್ದಾನೆ, ಎಡಗೈ ಪಕ್ಕೆಗೆ ಒತ್ತಿಕೊಂಡಿದೆ, ಬಲಭುಜ ಸ್ವಲ್ಪ ಇಳಿದಿದೆ, ಅರ್ಧ ದಾರಿಯಲ್ಲಿ ಒಂದು ಕ್ಷಣ ನಿಂತು ಆಮೇಲೆ ಮೆಲ್ಲಗೆ ಹೋಗುತ್ತಾನೆ. ಎರಡನೆಯವರೂ ಮೂರನೆಯವನೂ ಅದನ್ನೇ ನೋಡಿ ಕಲಿತು ತಮ್ಮ ಸಿನಿಮಾದಲ್ಲಿ ನಡೆದರು. ಹಾಲ್‌ನ ನಡುವೆ ದೊಡ್ಡ ಪರದೆಯ ಮೇಲೆ ಮೂರೂ ನಡಿಗೆ ಒಟ್ಟಿಗೆ ತೋರಿಸುತ್ತಾರಂತೆ. ಇನ್ನೇನು ಬೇಕು ನಿನಗೆ? ಅಜ್ಜಿ ಬಾಗಿಲು ಯಾರಿಗೂ ನೆನಪಿಲ್ಲ, ಬಿಡು.

ಮಗಳು ಭಾನುವಾರ ಬಂದಿದ್ದಳು. ಎರಡು ಸಲ ಬಡಿಸಿಕೊಂಡಳು. ಚಿಂತೆ ಬೇಡ.

ಅಕ್ಕ


ಏಪ್ರಿಲ್ 2

ಅಕ್ಕ,

ಯಾರಿಗೂ ನೆನಪಿಲ್ಲ ಎಂದೇ ಅದನ್ನು ತೋರಿಸಿ ಅಂದದ್ದು.

ನಿನಗೂ ಮರೆತಿರಬಹುದು, ಹೇಳುತ್ತೇನೆ. ಕಣ್ಣು ಮಂಜಾದ ಒಬ್ಬ ಅಜ್ಜಿ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಬೀಗದಯ್ಯ ಬಾಗಿಲಿಗೆ ಬಂದು ನಿಂತಿದ್ದಾನೆ. ಯಾರೋ ಸಾಮಾನು ಕೊಟ್ಟು ಹೋಗಲು ಬಂದವನೆಂದುಕೊಂಡು ಅಜ್ಜಿ ಒಳಗಿನಿಂದಲೇ, "ಗಾಳಿ ಬರ್ತಿದೆ, ಹೋಗೋವಾಗ ಬಾಗಿಲು ಹಾಕ್ಕೊಂಡು ಹೋಗಪ್ಪ" ಅನ್ನುತ್ತಾಳೆ. ಅವನು ಯಾವ ಕೆಲಸಕ್ಕೆ ಬಂದಿದ್ದಾನೋ ಅದನ್ನೇ ಅವಳು ಕೇಳಿಕೊಳ್ಳುತ್ತಿದ್ದಾಳೆ. ಆಗ ಅವರ ಮುಖ ನೋಡಬೇಕು. ಯಾರೂ ಯಾವತ್ತೂ ತನ್ನಿಂದ ಒಂದು ಸಹಾಯ ಕೇಳಿದ್ದೇ ಇಲ್ಲ ಎನ್ನುವ ಹಾಗೆ ನಿಲ್ಲುತ್ತಾರೆ. "ಹಾಕ್ತೀನಮ್ಮ" ಅನ್ನುತ್ತಾರೆ. ಅಷ್ಟೇ ಮಾತು. ನಿಜವಾಗಿ ಒಳ್ಳೆಯವನೊಬ್ಬ ಹೇಳುವ ಹಾಗೆಯೇ ಹೇಳುತ್ತಾರೆ. ಬೀಗವನ್ನೂ ಹಾಕುತ್ತಾರೆ. ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಆ ನಡಿಗೆಯಲ್ಲಿ ಅವರ ಮುಖವೇ ಕಾಣುವುದಿಲ್ಲ ಅಕ್ಕ. ಮುಖ ಕಾಣುವಂಥದ್ದನ್ನು ಜನ ಒಂದು ಸಲ ನೋಡಲಿ. ಅವರು ಹೋದ ಮೇಲೆ ನಾನು ನಿನ್ನಲ್ಲಿ ಕೇಳಿದ್ದು ಇದೊಂದೇ.

ಚಿಕ್ಕಿ


ಏಪ್ರಿಲ್ 9

ಚಿಕ್ಕಿ,

ನಿನ್ನದು ಹಿಡಿದರೆ ಬಿಡುವ ಜಾತಿಯಲ್ಲ. ಮೇಡಂ ಕಿವಿಗೆ ಹಾಕಿದೆ. "ಇಬ್ರು ನಿಂತು ಮಾತಾಡೋ ದೃಶ್ಯಕ್ಕೆ ದೊಡ್ಡ ಪರದೆ ಯಾಕೆ ಟೈಲರಮ್ಮ, ಜನ ಬರೋದೇ ನಡಿಗೆ ನೋಡೋಕೆ" ಅಂದಳು. ನಾನೂ ಹೌದೆಂದೆ.

ಮೊನ್ನೆ ಮೂರನೆಯವನು ಅಳತೆಗೆ ಬಂದಿದ್ದ. ಉದ್ಘಾಟನೆಗೆ ಅವನನ್ನೇ ಕರೆದಿದ್ದಾರೆ. ಕೋಟು ಹಾಕಿಕೊಂಡು ನನ್ನ ಮೇಜಿನಿಂದ ಇಸ್ತ್ರಿ ಮೇಜಿನವರೆಗೆ ನಡೆದು ತೋರಿಸಿದ. "ಅಮ್ಮ, ಎಡಗೈ ಒತ್ತಿ ಹಿಡ್ಕೊಂಡಿರೋದು ನೋಡಿ, ಒಳಗಡೆ ಇನ್ನೂ ಮನುಷ್ಯತ್ವ ಉಳಿದಿದೆ, ಅದು ಚೆಲ್ಲದ ಹಾಗೆ ಕಾಪಾಡ್ಕೋತಿದಾನೆ. ಆ ನಿಲ್ಲೋದಿದೆಯಲ್ಲ, ವಾಪಸ್ ಹೋಗಿ ಎಲ್ಲಾ ಬೀಗ ತೆಗೆದುಬಿಡೋಣ ಅನ್ನಿಸಿದ ಕ್ಷಣ ಅದು. ನಾನು ಅದಕ್ಕೇ ಒಂದು ವರ್ಷ ಒದ್ದಾಡಿದೀನಿ" ಅಂದ. ನಾನು "ಇರಬಹುದಪ್ಪ" ಅಂದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ, ಇನ್ನೊಂದು ಚೂರಾಗಿದ್ದರೆ ನುಂಗುತ್ತಿದ್ದೆ. ಹೇಳಲಾಗದಷ್ಟು ಹೆಮ್ಮೆಯಾಯಿತು, ನಿನ್ನ ಪರವಾಗಿ.

ನಿನ್ನ ಗಂಡನಿಗೆ ತಾನಾಗಿ ಬಂದ ಹೆಸರನ್ನು ನೀನೇ ಯಾಕೆ ಬೇಡ ಅನ್ನುತ್ತೀಯೋ ನನಗೆ ತಲೆಬುಡ ತಿಳಿಯುತ್ತಿಲ್ಲ. ನಡಿಗೆ ನಡುಮಧ್ಯೆ ಇರುತ್ತದೆ. ಇದರ ಬಗ್ಗೆ ಇನ್ನು ಬರೆಯಬೇಡ.

ಅಕ್ಕ


ಏಪ್ರಿಲ್ 15

ಅಕ್ಕ,

ಬರೆಯುವುದಿಲ್ಲ. ಒಂದು ಮಾತು ಕೇಳಿ ಸುಮ್ಮನಾಗುತ್ತೇನೆ. ನಡಿಗೆ ನಡುಮಧ್ಯೆಯೇ ಇರಬೇಕೆಂದು ನೀನು ಪಟ್ಟು ಹಿಡಿದಿರುವುದು ಯಾರ ಹೆಸರಿಗೋಸ್ಕರ?

ಚಿಕ್ಕಿ


ಮೇ 6

ಚಿಕ್ಕಿ,

ನೀನು ಕೇಳಿದ್ದು ಅರ್ಥವಾಗಲಿಲ್ಲ ಎಂದು ಒಂದು ಕಾಗದ ಬರೆದೆ, ಹರಿದು ಹಾಕಿದೆ. ಸಿಟ್ಟಿನಲ್ಲಿ ಇನ್ನೊಂದು ಬರೆದೆ, ಅದನ್ನೂ ಹರಿದೆ. ನಿನ್ನಿಂದ ಉಭ ಶುಭ ಏನೂ ಇಲ್ಲ. ಮಗಳನ್ನು ಕೇಳಿದರೆ "ಅಮ್ಮ ಚೆನ್ನಾಗಿದಾಳೆ ದೊಡ್ಡಮ್ಮ" ಅಂದು ಮಾತು ತೇಲಿಸುತ್ತಾಳೆ.

ನನಗೆ ನಿನ್ನ ಯಜಮಾನರನ್ನು ಕಂಡರೆ ಅಷ್ಟಕ್ಕಷ್ಟೇ ಎಂದು ನೀನು ಮೊದಲಿನಿಂದಲೂ ಅಂದುಕೊಂಡಿದ್ದೀಯ. ಸುಳ್ಳಲ್ಲ. ಆದರೆ ಅದಕ್ಕೆ ಕಾರಣವಿದೆ. ಧಾರಾವಾಹಿಯ ಕೊನೆಯ ದಿನದ ಬಗ್ಗೆ ನಾನು ನಿನಗೆ ಹೇಳದೇ ಇಟ್ಟುಕೊಂಡದ್ದು ಒಂದಿದೆ. ಹೇಳಿದ್ದರೆ ಅವತ್ತು ನಿನ್ನ ಸಂಸಾರಕ್ಕೆ ಒಳ್ಳೆಯದಾಗುತ್ತಿರಲಿಲ್ಲ, ನೀನು ಬೇರೆ ತುಂಬು ಬಸುರಿ. ನಡಿಗೆಯನ್ನು ಹೊಗಳುವವರು ಹೊಗಳಲಿ, ಅದರಿಂದ ಅವರ ಮಾನ ಉಳಿಯುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ಅದನ್ನು ನೀನು ತಪ್ಪು ತಿಳಿದೆ. ನನಗೆ ತುಂಬಾ ನೋವಾಯಿತು.

ಅಕ್ಕ


ಮೇ 27

ಅಕ್ಕ,

ಆ ನಡಿಗೆ ನೀನು ನಡೆದದ್ದು. ನನಗೆ ಅವತ್ತೇ ಗೊತ್ತು.

ಕೊನೆಯ ದಿನ ಅವರು ಶೂಟಿಂಗಿಗೆ ಬರಲಿಲ್ಲ. ಎಲ್ಲಿಗೆ ಹೋಗಿದ್ದರೆಂದು ನಿನಗೆ ಗೊತ್ತಿಲ್ಲ, ಏನೋ ಕೆಟ್ಟದ್ದನ್ನು ಊಹಿಸಿಕೊಂಡಿದ್ದೀಯ ಎಂದು ನಿನ್ನ ಕಾಗದ ನೋಡಿದ ಮೇಲೆ ಅರ್ಥವಾಯಿತು. ನೀರಿನ ಆಫೀಸಿನ ಇಂಟರ್‌ವ್ಯೂಗೆ ಹೋಗಿದ್ದರು. ಕಳಿಸಿದವಳು ನಾನು. ಅವರು ಸುತರಾಂ ಒಪ್ಪಿರಲಿಲ್ಲ. "ಕೊನೇ ಶಾಟು ಕಣೇ, ಅದೊಂದು ಮುಗಿಸಿ ಬರ್ತೀನಿ" ಅಂದರು. "ಒಂದಿನ ನಿಮ್ಮ ಬೀಗ ಯಾರಾದ್ರೂ ಹಾಕ್ತಾರೆ, ಈ ಕೆಲಸ ಬೇರೆಯವರಿಗೆ ಹೋದ್ರೆ ಮಗೂನ ಏನು ತಿನ್ಸಿ ಸಾಕೋದು" ಎಂದು ನಾನು ಅತ್ತೆ. ಅವರು ಹೋದರು, ಕೆಲಸ ಸಿಕ್ಕಿತು. ಕ್ಯಾಮೆರಾದವರು ಸಂಜೆ ಮನೆಗೆ ಬಂದು ನಡೆದದ್ದು ಹೇಳಿದರು. ಅವರು ಹೋದ ಮೇಲೆ ಇವರು, "ಅಕ್ಕ ನನ್ನ ಮಾನ ಉಳಿಸಿದ್ರು" ಅಂದು ತಲೆ ಮೇಲೆ ಕೈಯಿಟ್ಟುಕೊಂಡು ಕೂತರು. ನಿನಗೆ ಹೇಳಬೇಡ ಅಂದರು. ನೀನು ನನ್ನನ್ನು ಬೈಯುತ್ತೀಯ ಎಂದು.

ಆಮೇಲೆ ಆ ನಡಿಗೆ ಅಷ್ಟು ಹೆಸರಾಯಿತು. ಟಿ.ವಿ.ಯಲ್ಲಿ ಅದು ಬಂದಾಗಲೆಲ್ಲ ಅವರು ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗುತ್ತಿದ್ದರು. ಒಂದು ಸಲ ಯಾವುದೋ ಪತ್ರಿಕೆಯವನು ಬಂದಾಗ ತಡೆಯಲಾರದೆ, "ಆ ನಡಿಗೆ ನನ್ನದಲ್ಲ ಸಾರ್, ನಾನು ಅವತ್ತು ಅಲ್ಲಿರಲೇ ಇಲ್ಲ" ಎಂದು ನೇರವಾಗಿಯೇ ಹೇಳಿಬಿಟ್ಟರು. ಅವನು ಏನು ಬರೆದ ಗೊತ್ತಲ್ಲ, ಪಾತ್ರದಲ್ಲಿ ತಾನೇ ಇಲ್ಲವಾಗುವ ಮಹಾನ್ ಕಲಾವಿದ ಎಂದು. ಆಮೇಲೆ ಅವರು ಆ ಮಾತೇ ಎತ್ತಲಿಲ್ಲ. ಜನ ಕೈ ಕುಲುಕಿ ಹೊಗಳುತ್ತಿದ್ದರು, ಇವರು ನಗುತ್ತಾ ನಿಲ್ಲುತ್ತಿದ್ದರು. ಅವರು ನಿಜವಾಗಿ ಮಾಡಿದ್ದನ್ನು ಮಾತ್ರ ಒಬ್ಬರೂ ಕೇಳಲಿಲ್ಲ.

ಅದಕ್ಕೇ ಅಜ್ಜಿಯ ಬಾಗಿಲು ಎಂದು ಹಟ ಮಾಡಿದೆ. ನಡಿಗೆ ಅವರದಾಗಿ ಉಳಿದಷ್ಟು ದಿನ ಬೇರೆ ಯಾವುದನ್ನೂ ಯಾರೂ ತಿರುಗಿ ನೋಡುವುದಿಲ್ಲ. ನಟನೆ ಬಿಡಿಸಿದವಳು ನಾನು. ಅವರು ಮಾಡಿದ್ದಿಷ್ಟನ್ನಾದರೂ ನಾಲ್ಕು ಜನ ನೋಡಲಿ ಎನ್ನುವುದು ನನ್ನ ಹೊಟ್ಟೆಸಂಕಟ. ನೀನು ನಿನ್ನ ಹೊಗಳಿಕೆಗೋಸ್ಕರ ತಡೆಯುತ್ತಿದ್ದೀಯ ಅಂದುಕೊಂಡೆ. ಹಾಗೆ ಕೇಳಬಾರದಿತ್ತು.

ಚಿಕ್ಕಿ


ಜೂನ್ 4

ಚಿಕ್ಕಿ,

ಕುಡಿದು ಬಿದ್ದಿದ್ದಾರೆ ಎಂದುಕೊಂಡಿದ್ದೆ. ಹಿಂದಿನ ವಾರ ಯಾರದೋ ಪಾರ್ಟಿ ಮುಗಿಸಿ ವಾಸನೆ ಹೊಡೆಯುತ್ತಾ ಬಂದಿದ್ದರು, ಅಷ್ಟರಿಂದಲೇ ನಾನು ತೀರ್ಪು ಕೊಟ್ಟುಬಿಟ್ಟೆ. ಇಷ್ಟು ವರ್ಷ ಆ ಮನುಷ್ಯ ನನ್ನ ಮುಂದೆ "ಅಕ್ಕ, ಅಕ್ಕ" ಎಂದು ಓಡಾಡಿದರು. ನಾನು ಮುಖ ಕೊಟ್ಟು ಮಾತಾಡಿದ್ದು ಕಡಿಮೆ. ಈಗ ಯಾರ ಹತ್ತಿರ ಹೋಗಿ ಏನು ಹೇಳಲಿ? ನಿನ್ನ ಕಾಗದ ಓದಿ ಅವತ್ತು ಕೆಲಸಕ್ಕೆ ಹೋಗಲಿಲ್ಲ.

ಶೂಟಿಂಗಿನ ಆ ಕೊನೆಯ ದಿನದ್ದು ನೀನು ಕ್ಯಾಮೆರಾದವರಿಂದ ಕೇಳಿದ್ದೀಯ, ನನ್ನ ಬಾಯಿಂದಲೂ ಕೇಳು. ಬೆಳಕು ಇಳಿಯುತ್ತಿತ್ತು, ನಿರ್ದೇಶಕರು ನೆತ್ತಿಗೇರಿದ ಸಿಟ್ಟಿನಲ್ಲಿ ಕೂಗಾಡುತ್ತಿದ್ದರು. ಸೆಟ್ಟಿನಲ್ಲಿ ಆ ಎತ್ತರಕ್ಕೆ ಇದ್ದವಳು ನಾನೊಬ್ಬಳೇ. "ಮುಖ ಬೇಡ, ಬೆನ್ನು ಸಾಕು" ಅಂದು ನನ್ನ ತಲೆಗೆ ಟೋಪಿ ಇಟ್ಟರು. ಕೋಟಿನ ಎಡತೋಳನ್ನು ಅವತ್ತೇ ಬಿಚ್ಚಿ ರಿಪೇರಿಗೆ ಇಟ್ಟುಕೊಂಡಿದ್ದೆ, ಹೊಲಿಯಲು ಹೊತ್ತಿಲ್ಲ, ಗುಂಡುಸೂಜಿ ಚುಚ್ಚಿ ನಿಲ್ಲಿಸಿದೆ. ಕೈ ಬೀಸಿದರೆ ತೋಳು ಕಳಚಿ ಬೀಳುತ್ತದೆ, ಅದಕ್ಕೆ ಕೈಯನ್ನು ಪಕ್ಕೆಗೆ ಒತ್ತಿಕೊಂಡೆ. ಬೀಗದಕೈಗಳೆಲ್ಲ ಬಲಜೇಬಿನಲ್ಲಿ, ಆ ಭಾರಕ್ಕೆ ಭುಜ ಇಳಿಯಿತು. ಅರ್ಧ ದಾರಿಯಲ್ಲಿ ಒಂದು ಸೂಜಿ ಕಂಕುಳಿಗೆ ಸರಿಯಾಗಿ ನಾಟಿತು. ಕಿರುಚದೇ ನಿಂತೆ, ಉಸಿರು ಬಿಟ್ಟು ಮತ್ತೆ ನಡೆದೆ. ಮನುಷ್ಯತ್ವ ಕಾಪಾಡಿಕೊಂಡದ್ದು ಅಷ್ಟೇ. ಕಂಕುಳ ಹತ್ತಿರದ ಆ ಅವಸರದ ಹೊಲಿಗೆ ಶಾಟು ಮುಗಿದ ಕೂಡಲೇ ಹಾಕಿದ್ದು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಅರ್ಧ ಹೌದು. ಅವರ ಮಾನಕ್ಕೆಂದೇ ಸುಮ್ಮನಿದ್ದೆ. ಆದರೆ ಜನ ಹೊಗಳುವಾಗ ಒಳಗೊಳಗೇ ರುಚಿಸುತ್ತಿತ್ತು, ಸುಳ್ಳು ಯಾಕೆ. ಟೈಲರಿಗೆ ಯಾರು ಚಪ್ಪಾಳೆ ಹೊಡೆಯುತ್ತಾರೆ ಹೇಳು.

ನಿನ್ನೆ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವಳು ನಕ್ಕಳು. ವಯಸ್ಸಾಯಿತು ಪಾಪ ಎನ್ನುವ ಹಾಗೆ ನನಗೆ ಕುರ್ಚಿ ಎಳೆದುಕೊಟ್ಟಳು. ನಾನು ಇನ್ನೊಂದು ಹಳೇ ಕೋಟು ತಂದು, ಅದರ ಎಡತೋಳು ಬಿಚ್ಚಿ, ಸೂಜಿ ಚುಚ್ಚಿಕೊಂಡು, ಜೇಬಿಗೆ ಕತ್ತರಿ ತುಂಬಿಕೊಂಡು ಗೋದಾಮಿನ ಈ ತುದಿಯಿಂದ ಆ ತುದಿಗೆ ನಡೆದೆ. ಮಂಡಿ ಮೊದಲಿನ ಹಾಗಿಲ್ಲ, ಆದರೆ ಸೂಜಿಯ ಭಯ ಹಾಗೇ ಇದೆ. ತಿರುಗಿ ನೋಡಿದರೆ ಅವಳು ಕನ್ನಡಕ ತೆಗೆದು ಒರೆಸುತ್ತಿದ್ದಳು. "ಅಭಿಮಾನಿಗಳು ನನ್ನನ್ನ ಒಳಗೆ ಹಾಕಿ ಬೀಗ ಜಡೀತಾರೆ ಟೈಲರಮ್ಮ" ಅಂದಳು. ಆಮೇಲೆ ಇಬ್ಬರೂ ಕೂತು ಹತ್ತನೇ ಕಂತು ಹಾಕಿಸಿ ನೋಡಿದೆವು. ಎರಡು ಸಲ ನೋಡಿದೆವು.

ನಡಿಗೆಗಳು ಪಕ್ಕದ ಕೋಣೆಗೆ ಹೋಗುತ್ತವೆ, ಮೊದಲನೆಯದರ ಕೆಳಗೆ ನಿಜ ಸಂಗತಿ ಬರೆಸುತ್ತಾಳೆ. ನಡುಮಧ್ಯೆ ದೊಡ್ಡ ಪರದೆಯ ಮೇಲೆ ಮೂವರೂ ಬೀಗ ಹಾಕುವ ದೃಶ್ಯ. ಮೊದಲು ನಿನ್ನವರ ಅಜ್ಜಿಯ ಬಾಗಿಲು. ಮಗಳಿಗೆ ನಡಿಗೆಯ ವಿಷಯ ನೀನು ಹೇಳುತ್ತೀಯೋ, ನಾನು ಹೇಳಲೋ? ನನಗೆ ಅದೊಂದೇ ಹೆದರಿಕೆ. ಅವಳಿಗೆ ಅಪ್ಪನೆಂದರೆ ಆ ನಡಿಗೆಯೇ.

ನಿನ್ನ ಅಕ್ಕ


ಜೂನ್ 13

ಅಕ್ಕ,

ನೀನೇ ಹೇಳು. ನನಗೆ ಧೈರ್ಯ ಸಾಲದು. ಆಸ್ಪತ್ರೆಯಲ್ಲಿ ರಜೆಯೂ ಕೊಡುತ್ತಿಲ್ಲ, ಉದ್ಘಾಟನೆಗೆ ಬರಲಾರೆ. ನಿಜ ಹೇಳಬೇಕೆಂದರೆ ರಜೆ ನಾನು ಕೇಳಿಲ್ಲ. ಜನ ಆ ಬಾಗಿಲು ನೋಡಿ ಏನೂ ಅನ್ನದೆ ಮುಂದೆ ಹೋಗಿಬಿಟ್ಟರೆ ನಾನು ಅಲ್ಲಿ ನಿಲ್ಲಲಾರೆ. ಏನಾಯಿತೆಂದು ಬರಿ, ಚೆನ್ನಾಗಿ ಆಗದಿದ್ದರೂ ಬರಿ.

ಅವರು ನಿನ್ನ ಮೇಲೆ ಯಾವತ್ತೂ ಬೇಸರ ಮಾಡಿಕೊಂಡವರಲ್ಲ. ಅದನ್ನು ಮನಸ್ಸಿನಿಂದ ತೆಗೆದುಹಾಕು.

ಚಿಕ್ಕಿ


ಜುಲೈ 2

ಚಿಕ್ಕಿ,

ನಿನ್ನೆ ಉದ್ಘಾಟನೆ ಆಯಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬಂದವರಲ್ಲಿ ಅರ್ಧಕ್ಕರ್ಧ ನೇರ ಪಕ್ಕದ ಕೋಣೆಗೇ ನುಗ್ಗಿದರು, ನಡಿಗೆ ನೋಡಲು. ಬೋರ್ಡು ಓದಿ ಕೆಲವರು ನಕ್ಕರು, ಕೆಲವರಿಗೆ ಸಿಟ್ಟು ಬಂತು. ದಪ್ಪ ಮೀಸೆಯ ಒಬ್ಬರು ಇದೆಲ್ಲ ಪ್ರಚಾರಕ್ಕೆ ಕಟ್ಟಿದ ಕಥೆ ಎಂದು ನನಗೇ ವಿವರಿಸಿ ಹೇಳಿದರು. ನಾನು ತಲೆಯಾಡಿಸಿದೆ.

ದೊಡ್ಡ ಪರದೆಯ ಮುಂದೆ ಮೊದಮೊದಲು ಜನ ಕಡಿಮೆ. ಎರಡನೆಯವರು ಬೀಗ ಹಾಕಿ ಬೀಗದಕೈಯನ್ನು ಮೇಲಕ್ಕೆಸೆದು ಹಿಡಿಯುವಾಗ ಮಕ್ಕಳು ಸಿಳ್ಳೆ ಹೊಡೆದರು. ಮೂರನೆಯವನ ಕೈ ನಡುಗಿ ಬೀಗದಕೈ ತೂತಿಗೆ ಸೇರುವುದೇ ಇಲ್ಲ, ಅದನ್ನೂ ಜನ ಉಸಿರು ಹಿಡಿದು ನೋಡಿದರು. ನಿನ್ನವರದಕ್ಕೆ ಸಿಳ್ಳೆ ಇಲ್ಲ, ಏನಿಲ್ಲ. ಒಬ್ಬೊಬ್ಬರೇ ನಿಂತರು. ನಿಂತವರು ಹೋಗಲಿಲ್ಲ, ಅಷ್ಟೇ. ದೀಪ ಹಚ್ಚಿದ ಮೇಲೆ ಮೂರನೆಯವನನ್ನು ಹುಡುಕಿದರೆ ಅಲ್ಲೇ ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದ. ನಡಿಗೆಯ ವಿಷಯ ಓದಿದ್ದಾನೆ, ನನ್ನ ಮೇಲೆ ರೇಗುತ್ತಾನೆ ಎಂದುಕೊಂಡು ಹತ್ತಿರ ಹೋದೆ. "ಅಮ್ಮ, ನಾನು ಒಂದು ವರ್ಷ ಇವರ ಬೆನ್ನನ್ನೇ ನೋಡ್ತಿದ್ದೆ. ಅದೂ ಇವರ ಬೆನ್ನಲ್ಲ. ಈ 'ಹಾಕ್ತೀನಮ್ಮ' ನನ್ನ ಕೈಲಿ ಆಗಲ್ಲ" ಅಂದ. ಅವನು ಅಷ್ಟು ಸುಲಭಕ್ಕೆ ಸೋಲೊಪ್ಪುವವನಲ್ಲ.

ಇನ್ನು ಮಗಳು. ಹೋದ ಭಾನುವಾರ ಊಟಕ್ಕೆ ಕರೆದು ಎಲ್ಲ ಹೇಳಿದ್ದೆ. ತಟ್ಟೆ ಮುಂದೆ ಕೂತು ಬಿದ್ದು ಬಿದ್ದು ನಕ್ಕಳು, ಆಮೇಲೆ ಊಟ ಅರ್ಧಕ್ಕೇ ಬಿಟ್ಟು ಹಾಸ್ಟೆಲ್ಲಿಗೆ ಹೋದಳು. ನಿನ್ನೆ ಬರುತ್ತಾಳೋ ಇಲ್ಲವೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಾಗಿಲು ನೋಡುತ್ತಿದ್ದೆ. ಬಂದಳು. ಪಕ್ಕದ ಕೋಣೆಗೆ ಹೋಗಲೇ ಇಲ್ಲ. ಪರದೆಯ ಮುಂದೆ ನಿಂತಳು, ನಾನೂ ಜೊತೆಗೆ ನಿಂತೆ. ಅವರು ಅಜ್ಜಿಗೆ ಮಾತು ಕೊಟ್ಟು ಬೀಗ ಹಾಕುತ್ತಾರೆ. ಆಮೇಲೆ ಒಂದು ಸಲ ಎಳೆದು ನೋಡುತ್ತಾರೆ. ಎರಡು ಹೆಜ್ಜೆ ಹೋಗಿ ವಾಪಸು ಬಂದು ಇನ್ನೊಂದು ಸಲ ಎಳೆಯುತ್ತಾರೆ. ಆಮೇಲೆ ಅಂಗೈಯನ್ನು ಬಾಗಿಲಿಗೆ ಊರಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ, ಒಳಗಿರುವವರು ಜೋಪಾನ ಎನ್ನುವ ಹಾಗೆ.

ಮಗಳು ನನ್ನ ಕೈ ಹಿಡಿದುಕೊಂಡಳು. "ದೊಡ್ಡಮ್ಮ, ನಡಿಗೆ ನೋಡಿದಾಗೆಲ್ಲ ಅದು ಅಪ್ಪನ ಥರ ಕಾಣ್ತಾನೇ ಇರ್ಲಿಲ್ಲ. ಆ್ಯಕ್ಟಿಂಗ್ ಅಲ್ವಾ, ಹಾಗೇ ಇರುತ್ತೆ ಅಂದ್ಕೊಂಡಿದ್ದೆ. ಇದು ಅಪ್ಪ. ಮನೇಲಿ ಮಲಗೋಕ್ಮುಂಚೆ ಬಾಗಿಲು ಹಾಕಿ ದಿನಾ ಹೀಗೇ ಮಾಡ್ತಿದ್ರು, ಎರಡು ಸಲ ಎಳೆದು, ಕೈಯಿಟ್ಕೊಂಡು ನಿಲ್ತಿದ್ರು" ಅಂದಳು. ಆಮೇಲೆ ಅತ್ತಳು. ನಾನು ಸಮಾಧಾನ ಮಾಡಲು ಹೋಗಿ ನಾನೂ ಅತ್ತೆ.

ಚೆನ್ನಾಗಿ ಆಯಿತು ಚಿಕ್ಕಿ. ನೀನು ಬರಬೇಕಿತ್ತು.

ನಿನ್ನ ಅಕ್ಕ


ಜುಲೈ 9

ಅಕ್ಕ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಕೌಂಟರಿನಲ್ಲಿ ಕೂತು ಒಬ್ಬರ ಹೆಸರನ್ನು ಎರಡೆರಡು ಸಲ ಕೂಗುತ್ತಿದ್ದೇನೆ.

ಆ ದೃಶ್ಯ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮುಖವನ್ನೇ ನೋಡುತ್ತಿದ್ದೆ, ಕೈಯನ್ನು ನೋಡಿರಲಿಲ್ಲ. ಮಗಳು ಹೇಳಿದ್ದು ನಿಜ. ಆದರೆ ಅವಳಿಗೆ ಗೊತ್ತಿಲ್ಲದ್ದು ಒಂದಿದೆ. ಮದುವೆಯಾದ ಹೊಸತರಲ್ಲಿ ಅವರಿಗೆ ಬಾಗಿಲಿನ ಪರಿವೆಯೇ ಇರಲಿಲ್ಲ. ಹಾರುಹೊಡೆದು ಹೋಗುತ್ತಿದ್ದರು, ಬೆಕ್ಕು ಬಂದು ಹಾಲು ಕುಡಿದು ಹೋಗುತ್ತಿತ್ತು, ಮನೆ ಓನರು ದಿನಾ ಬಂದು ಕೂಗಾಡುತ್ತಿದ್ದರು. ಎರಡು ಸಲ ಎಳೆದು ನೋಡುವುದು, ಕೈಯಿಟ್ಟು ನಿಲ್ಲುವುದು, ಅದೆಲ್ಲ ಧಾರಾವಾಹಿ ಮುಗಿದು ನೀರಿನ ಆಫೀಸು ಸೇರಿದ ಮೇಲೆ ಶುರುವಾದದ್ದು. ಮಗು ಬಂತಲ್ಲ, ಭಯ ಜಾಸ್ತಿಯಾಗಿದೆ ಎಂದುಕೊಂಡಿದ್ದೆ. "ಒಂದ್ಸಲ ಎಳೆದ್ರೆ ಸಾಕಲ್ವಾ, ಬಂದು ಮಲ್ಕೊಳ್ಳಿ" ಎಂದು ಒಳಗಿನಿಂದ ಗೊಣಗುತ್ತಿದ್ದೆ. "ಬಂದೆ" ಅನ್ನುತ್ತಿದ್ದರು, ಬರುತ್ತಿರಲಿಲ್ಲ.

ನಟನೆ ಬಿಡಿಸಿದೆ ಎಂದು ನಾನು ಇಷ್ಟು ವರ್ಷ ಕೊರಗಿದ್ದೇನೆ. ಅವರು ಬಿಟ್ಟಿರಲೇ ಇಲ್ಲ ಅಕ್ಕ. ದಿನಾ ಮಾಡುತ್ತಿದ್ದರು. ನೋಡುವವಳು ನಾನೊಬ್ಬಳೇ ಇದ್ದೆ, ಗೊಣಗುತ್ತಾ ಮಲಗಿರುತ್ತಿದ್ದೆ.

ಶನಿವಾರದ ಗಾಡಿಗೆ ಬರುತ್ತಿದ್ದೇನೆ. ರಜೆ ಹಾಕಿದ್ದೇನೆ, ಈ ಸಲ ನಿಜವಾಗಿ.

ಚಿಕ್ಕಿ